ಏಳನೆಯ ಕೂಗು

"ಅಜ್ಜಾರ, ಒಂದು ಮಾತನ್ನ ಒಂಚೂರೂ ತಪ್ಪಿಲ್ಲದ ಹೇಳಿದರೂ ಕೇಳಿದವರು ಎದ್ದು ಓಡಿ ಹೋದರ, ತಪ್ಪು ಯಾರದು?"

ನೀಲಗಂಗಾ ಹೀಗೆ ಕೇಳಿದಾಗ ಮಠದ ಅಜ್ಜನವರು ದಾಸೋಹದ ಪಡಸಾಲೆಯಲ್ಲಿ ಕುಳಿತು ಪುಂಡಿಸೊಪ್ಪು ಬಿಡಿಸುತ್ತಿದ್ದರು. ಎಂಬತ್ತು ದಾಟಿದ ಸ್ವಾಮಿಗಳು ಸೊಪ್ಪು ಬಿಡಿಸುವುದೇ ಎಂದು ಹೊಸಬರು ಬೆರಗಾಗುತ್ತಾರೆ. ಊರಿನವರಿಗೆ ಅದು ಹೊಸದಲ್ಲ. ಅಜ್ಜನವರ ಕೈ ಖಾಲಿ ಇದ್ದರೆ ಬಾಯಿ ಸುಮ್ಮನಿರುವುದಿಲ್ಲ, ಬಾಯಿ ಸುಮ್ಮನಿರದಿದ್ದರೆ ಯಾರಿಗಾದರೂ ಬೈಗುಳ ತಪ್ಪಿದ್ದಲ್ಲ. ಅದಕ್ಕೇ ಅಡುಗೆಯವರು ಮುಂಜಾನೆಯೇ ಒಂದು ಹೊರೆ ಸೊಪ್ಪು ತಂದು ಅವರ ಮುಂದೆ ಹಾಕಿ ಹೋಗುತ್ತಾರೆ.

ಅಜ್ಜನವರು ತಲೆ ಎತ್ತಲಿಲ್ಲ. "ತೀರ್ಪು ಆಮೇಲೆ ಕೊಡೋಣ. ಮೊದಲು ಏನಾತು ಹೇಳು. ಕೂತು ಹೇಳು ತಂಗಿ. ನಿಂತು ಹೇಳಿದರ ನಿನ್ನ ಸಿಟ್ಟಷ್ಟ ಕೇಳಸ್ತೈತಿ."

ನೀಲಗಂಗಾ ಕುಳಿತಳು. ಸೊಪ್ಪಿನ ಒಂದು ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಐದನೆಯ ಇಯತ್ತೆಯಿಂದ ಈ ಮಠದ ಪ್ರಸಾದ ಉಂಡು, ಇಲ್ಲಿಯ ಹಾಸ್ಟೆಲಿನಲ್ಲಿ ಮಲಗಿ ಓದಿದ ಹುಡುಗಿ ಅವಳು. ಅಜ್ಜನವರ ಮುಂದೆ ಖಾಲಿ ಕೈಯಲ್ಲಿ ಕೂರಬಾರದು ಎಂಬುದು ಅವಳಿಗೆ ಗೊತ್ತು. ಈಗ ಮೂರು ತಿಂಗಳಿಂದ ಜಿಲ್ಲೆಯ ಆಸ್ಪತ್ರೆಯಲ್ಲಿ ಕೆಲಸ. ತಲೆಗೆ ತಂತಿ ಅಂಟಿಸಿ, ಮೆದುಳಿನೊಳಗೆ ನಡೆಯುವುದನ್ನು ಯಂತ್ರದ ಗೆರೆಗಳಲ್ಲಿ ಬರೆದುಕೊಳ್ಳುವ ಕೋಣೆ ಅವಳದು.

ಆ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಇಇಜಿ ಎನ್ನುತ್ತಾರೆ. ಮೂರು ಅಕ್ಷರ, ಕೆಲಸ ಮುಗಿಯಿತು. ನೀಲಗಂಗಾ ಒಬ್ಬಳೇ ಪೂರ್ತಿ ಹೆಸರು ಹೇಳುವವಳು. ಎಲೆಕ್ಟ್ರೋಎನ್ಸೆಫಲಾಗ್ರಫಿ. ಜೊತೆಯವರು ನಗುತ್ತಿದ್ದರು. ನಗಲಿ ಎಂದು ಅವಳು ಬಿಟ್ಟಿದ್ದಳು. ಆ ಪದ ಅವಳಿಗೆ ಎಷ್ಟು ಕಣ್ಣೀರು ಹಾಕಿಸಿತ್ತು ಎಂಬುದು ನಗುವವರಿಗೇನು ಗೊತ್ತು?

ಮೊದಲ ವರ್ಷದ ಬಾಯಿ ಪರೀಕ್ಷೆಯಲ್ಲಿ ಅವಳು ಆ ಪದದ ಅರ್ಧಕ್ಕೇ ನಿಂತುಬಿಟ್ಟಿದ್ದಳು. ಎಲೆಕ್ಟ್ರೋ ಎಂದಳು, ಮುಂದೆ ನಾಲಿಗೆ ಏಳಲಿಲ್ಲ. ಮತ್ತೆ ಎಲೆಕ್ಟ್ರೋ ಎಂದಳು. ಹಿಂದೆ ಕುಳಿತವರು ನಕ್ಕರು. ಕೇಳುತ್ತಿದ್ದ ಸಾಹೇಬರು ಕೈ ಸನ್ನೆ ಮಾಡಿ ಹೊರಗೆ ಕಳಿಸಿದರು. ಆ ಪರೀಕ್ಷೆ ಹೋಯಿತು. ಅವಳು ಬಸ್ಸು ಹತ್ತಿ ಮಠಕ್ಕೆ ಬಂದು, ಯಾರ ಜೊತೆಗೂ ಮಾತಾಡದೆ ಅಡುಗೆಮನೆಯಲ್ಲಿ ಅಕ್ಕಂದಿರ ಸಾಲಿನಲ್ಲಿ ಕುಳಿತು ರೊಟ್ಟಿ ಬಡಿಯತೊಡಗಿದಳು.

ಬಡಿಯುತ್ತ ಬಡಿಯುತ್ತ ಒಂದು ದಿನ ಹೊಳೆಯಿತು. ಕೈಯ ಏಟುಗಳೆಲ್ಲ ಒಂದೇ ತೂಕದವಲ್ಲ. ಹಗುರ ಹಗುರ ನಾಲ್ಕಾರು, ನಡುವೆ ಒಂದು ಜೋರು. ಜೋರು ಬಿದ್ದಾಗ ಹಿಟ್ಟು ಅಗಲವಾಗುತ್ತದೆ, ಹಗುರ ಬಿದ್ದಾಗ ದುಂಡಗಾಗುತ್ತದೆ. ಅವಳು ಪದವನ್ನೂ ಹಾಗೆಯೇ ಬಡಿದು ನೋಡಿದಳು. ಎ, ಲೆಕ್, ಟ್ರೋ, ಎನ್, ಸೆಫ್, ಅ, ಲಾಗ್, ರ, ಫಿ. ಒಂಬತ್ತು ಏಟು. ಏಳನೆಯದು ಜೋರು. ಮಿಕ್ಕವು ತಾವಾಗಿಯೇ ಸರಿದು ಹೋದವು. ಅಕ್ಕಂದಿರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಆ ವಾರವೆಲ್ಲ ಮಠದ ರೊಟ್ಟಿಗಳು ಇಂಗ್ಲಿಷಿನಲ್ಲೇ ಬೆಂದವು.

ಪದದ ಹೊಟ್ಟೆಯನ್ನೂ ಅವಳು ಬಿಚ್ಚಿ ನೋಡಿದ್ದಳು. ಎಲೆಕ್ಟ್ರೋ ಎಂದರೆ ವಿದ್ಯುತ್ತು. ಎನ್ ಎಂದರೆ ಒಳಗೆ, ಸೆಫಲ್ ಎಂದರೆ ತಲೆ. ತಲೆಯ ಒಳಗಿನದು ಮೆದುಳು. ಗ್ರಫಿ ಎಂದರೆ ಬರೆಯುವುದು. ಇನ್ನೂ ಒಂದು ಸೊಗಸು ಕಂಡಿತ್ತು. ಕೊನೆಯ ತುಂಡು ಬದಲಾಗಿ, ಬರೆಯುವ ಕೆಲಸದ ಹೆಸರು ಹೋಗಿ ಬರೆದ ಕಾಗದದ ಹೆಸರಾದರೆ, ಎಲೆಕ್ಟ್ರೋಎನ್ಸೆಫಲೋಗ್ರಾಮ್ ಆದರೆ, ಜೋರು ಏಟು ಏಳನೆಯ ಜಾಗ ಬಿಟ್ಟು ಐದನೆಯದಕ್ಕೆ ಬಂದು ಕೂರುತ್ತದೆ. ಬಾಲ ಬದಲಾದರೆ ಭಾರದ ಜಾಗವೇ ಬದಲು. ಎರಡನೆಯ ಸಲ ಪರೀಕ್ಷೆಗೆ ಹೋದಾಗ ಅವಳು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅದೇ ಸಾಹೇಬರು ಕುರ್ಚಿಯಿಂದ ಎದ್ದು ಶಭಾಷ್ ಎಂದರು.

"ಅದೆಲ್ಲ ನನಗ ಗೊತ್ತೈತಿ. ಆ ವಾರ ರೊಟ್ಟಿ ತಿಂದವನು ನಾನು. ಓಡಿ ಹೋದವರು ಯಾರು?" ಎಂದರು ಅಜ್ಜನವರು.

"ಹುಲಿಗೆವ್ವ ಅಂತ ಒಬ್ಬಾಕಿ ತಾಯಿ, ಅಜ್ಜಾರ. ಆರು ವರ್ಷದ ಹೆಣ್ಣುಕೂಸನ್ನ ಎತ್ತಿಕೊಂಡು ಬಂದಿದ್ದಳು."

ಕೂಸಿಗೆ ಫಿಟ್ಸ್ ಬರುತ್ತಿತ್ತು. ಎರಡು ವರ್ಷ ತಾಯಿತ ಕಟ್ಟಿಸಿದ್ದರು, ಅಂತ್ರ ಹಾಕಿಸಿದ್ದರು. ಹಿಂದಿನ ವಾರ ಕೂಸು ಒಲೆಯ ಮುಂದೆಯೇ ಬಿದ್ದು ಮೊಣಕೈ ಸುಟ್ಟುಕೊಂಡಿತು. ಆಗ ತಾಯಿ ಯಾರ ಮಾತನ್ನೂ ಕೇಳದೆ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ತಂದಳು. ಮೊದಲು ತಲೆಯದನ್ನು ಬರೆಸಿಕೊಂಡು ಬಾ, ಅದನ್ನು ನೋಡಿ ಗುಳಿಗೆ ಕೊಡುತ್ತೇನೆ ಎಂದು ಡಾಕ್ಟರರು ಚೀಟಿ ಬರೆದರು. ಚೀಟಿ ಹಿಡಿದು ಅವಳು ನೀಲಗಂಗಾಳ ಕೋಣೆಗೆ ಬಂದಳು. ಗೋಡೆಗೆ ಯಂತ್ರ, ಯಂತ್ರದಿಂದ ಇಪ್ಪತ್ತು ತಂತಿ. ಅದನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನ್ ಮಾಡ್ತೀರ್ರಿ ಯವ್ವಾ ನನ್ನ ಕೂಸಿಗೆ ಅಂತ ಕೇಳಿದಳು. ನಾ ಮುಚ್ಚಿಡಲಿಲ್ಲ ಅಜ್ಜಾರ. ಹಳ್ಳ್ಯಾಕಿ, ಆಕಿಗೇನು ತಿಳೀತೈತಿ ಅಂತ ತಾತ್ಸಾರ ಮಾಡಲಿಲ್ಲ. ಪೂರ್ತಿ ಹೆಸರು ಹೇಳಿದೆ. ಒಂದೊಂದೇ ತುಂಡು ಬಿಡಿಸಿ ಅರ್ಥ ಹೇಳಿದೆ. ಎಲೆಕ್ಟ್ರೋ ಅಂದರ ಕರೆಂಟು ಅಂದೆ. ಆಕಿ ತಂತಿ ನೋಡಿದಳು. ಎನ್ಸೆಫಲೋ ಅಂದರ ಮೆದುಳು ಅಂದೆ. ಆಕಿ ಕೂಸಿನ ತಲಿ ಮ್ಯಾಲೆ ಕೈ ಇಟ್ಟಳು. ಗ್ರಫಿ ಅನ್ನೂದರೊಳಗ ಕೂಸನ್ನ ಎದಿಗೆ ಅವುಚಿಕೊಂಡು ಹೊರಗಿನ ಪಡಸಾಲ್ಯಾಗ ಓಡ್ತಿದ್ದಳು. ನನ್ನ ಕೂಸಿನ ತಲಿಗೆ ಕರೆಂಟ್ ಕೊಡ್ತಾರಂತೋ ಅಂತ ಚೀರಿಕೋತ ಹೋದಳು. ನಾನೂ ಗೇಟಿನತನಕ ಓಡಿದೆ. ಬಸ್ಸು ಹೋಗಿಬಿಟ್ಟಿತ್ತು."

ನೀಲಗಂಗಾಳ ಸೀರೆಯ ಮಡಿಲಲ್ಲಿ ಹುಲಿಗೆವ್ವ ಬಿಟ್ಟುಹೋದ ಚೀಟಿ ಇತ್ತು. ಅದನ್ನು ಅವಳು ಎರಡು ದಿನದಿಂದ ಇಟ್ಟುಕೊಂಡೇ ಓಡಾಡುತ್ತಿದ್ದಳು.

"ಯಾರೂ ಕರೆಂಟು ಕೊಡೂದಿಲ್ಲ, ತಲಿಯೊಳಗ ತಾನಾಗಿ ಇರೂದನ್ನ ಬರಕೋತೀವಿ ಅಷ್ಟ, ಕೂಸಿಗೆ ಒಂದಿಷ್ಟೂ ನೋವಾಗೂದಿಲ್ಲ ಅಂತ ಕಡೀಗೆ ಹೇಳವಳಿದ್ದೆ. ಆಕಿ ಕಡೀತನಕ ನಿಂದರಲೇ ಇಲ್ಲ. ಇನ್ನು ಆಕಿ ಯಾವ ದವಾಖಾನೆಗೂ ಬರೂದಿಲ್ಲ. ಇನ್ನೊಮ್ಮೆ ಕೂಸು ಒಲಿಯೊಳಗ ಬಿದ್ದರ? ಹೇಳ್ರಿ ಅಜ್ಜಾರ, ಇದರಾಗ ನನ್ನ ತಪ್ಪೇನೈತಿ?"

ಅಜ್ಜನವರು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ತಳ್ಳಿದರು. "ಆ ನಿನ್ನ ಪದಾನ ಒಮ್ಮೆ ನನಗೂ ಹೇಳು."

ನೀಲಗಂಗಾ ಹೇಳಿದಳು. ಹೇಳುವಾಗ ಅವಳ ಬಲಗೈ ತಾನಾಗಿಯೇ ತೊಡೆಯ ಮೇಲೆ ಬಡಿಯಿತು. ಏಳನೆಯ ಏಟು ಜೋರಾಗಿ ಬಿತ್ತು.

"ಭೇಷ್. ಕೂದಲೆಳೆಯಷ್ಟೂ ತಪ್ಪಿಲ್ಲ. ಸೊಪ್ಪು ಬಿಡಿಸಿಕೋತ ಕೇಳು," ಎಂದು ಅಜ್ಜನವರು ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಗಾಣದ ಕಲ್ಲು ಸೀಳುಬಿಟ್ಟಿತು. ಸೀಳಿದ ಕಲ್ಲಿನಲ್ಲಿ ಎಣ್ಣೆ ನಿಲ್ಲುವುದಿಲ್ಲ. ಮೂರು ವರ್ಷ ಅವನು ಕುಸುಬೆಯ ಚೀಲ ಹೊತ್ತು ಪಕ್ಕದ ಊರಿಗೆ ನಡೆದ. ಅಲ್ಲಿಯ ಗಾಣದಲ್ಲಿ ಎಣ್ಣೆ ತೆಗೆದು ಮತ್ತೆ ಹೊತ್ತು ತಂದ. ಅವನ ಬೆನ್ನು ಬಗ್ಗಿತು. ಎದ್ದರೆ ಕಲ್ಲು, ಕೂತರೆ ಕಲ್ಲು ಎಂದು ಅವನು ಅದನ್ನೇ ಜಪಿಸುತ್ತಿದ್ದ.

ಕಡೆಗೆ ದಿನ್ನೆಯ ಆಚೆಯ ಬಂಡೆಯಲ್ಲಿ ಕಲ್ಲುಕುಟಿಗರು ಅವನಿಗೊಂದು ಗಾಣದ ಕಲ್ಲು ಕಡಿದರು. ಅದನ್ನು ಊರಿಗೆ ತರಬೇಕು. ಇಪ್ಪತ್ತನಾಲ್ಕು ಜನ ಬಂದರು. ಕಲ್ಲಿನ ಕೆಳಗೆ ಉರುಳುವ ದಿಮ್ಮಿ ಹಾಕಿದರು. ಮುಂದಿನ ಹಗ್ಗಕ್ಕೆ ಇಪ್ಪತ್ತು ಜನ, ಹಿಂದಿನ ಹಗ್ಗಕ್ಕೆ ನಾಲ್ಕು ಜನ. ಅವರ ಮೇಲೆ ಒಬ್ಬ ಕೂಗುವವನು.

"ಕೂಗುವವನು ಹಗ್ಗ ಹಿಡಿಯೂದಿಲ್ಲೇನ್ರೀ?" ನೀಲಗಂಗಾ ಕೇಳಿದಳು.

"ಮುಟ್ಟೂದೂ ಇಲ್ಲ. ಆದರ ಅವನಿಲ್ಲದ ಕಲ್ಲು ಅಲುಗಾಡೂದಿಲ್ಲ. ಇಪ್ಪತ್ತು ಮಂದಿ ತಮಗೆ ತಿಳಿದಾಗ ತಾವು ಎಳೆದರ ಹಗ್ಗಕ್ಕ ಜೀವ ಬರ್ತೈತಿ, ಕಲ್ಲಿಗೆ ಬರೂದಿಲ್ಲ. ನಡುವ ಬಾಯಿ ಹಾಕಬ್ಯಾಡ."

ಆ ಕೂಗುವವನ ಹತ್ತಿರ ಒಂಬತ್ತು ಮಾತಿನ ಒಂದು ಕೂಗು ಇತ್ತು. ಬಾ, ನಿಲ್ಲು, ಹಿಡಿ, ಊರು, ಬಗ್ಗು, ಉಸಿರು, ಎಳೆ, ಬಿಡು, ತಡಿ. ಬಾ ಎಂದರೆ ಎಲ್ಲರೂ ಹಗ್ಗದ ಹತ್ತಿರ ಬರುವರು. ನಿಲ್ಲು ಎಂದರೆ ನಿಲ್ಲುವರು. ಹಿಡಿ ಎಂದರೆ ಹಿಡಿಯುವರು. ಹಿಮ್ಮಡಿ ಊರಿ, ಸೊಂಟ ಬಗ್ಗಿಸಿ, ಉಸಿರು ತುಂಬಿಕೊಳ್ಳುವರು. ಏಳನೆಯ ಮಾತು ಬರುವವರೆಗೆ ಯಾರೂ ಶಕ್ತಿ ಖರ್ಚು ಮಾಡುವಂತಿಲ್ಲ. ಎಳೆ ಎಂಬ ಮಾತನ್ನು ಅವನು ದಿನ್ನೆ ನಡುಗುವಂತೆ ಕೂಗುತ್ತಿದ್ದ. ಇಪ್ಪತ್ತೂ ಬೆನ್ನು ಒಂದೇ ಸಲ ಹಿಂದಕ್ಕೆ ಬೀಳುತ್ತಿದ್ದವು. ಕಲ್ಲು ಒಂದು ಗೇಣು ಮುಂದಕ್ಕೆ ಬರುತ್ತಿತ್ತು. ಬಿಡು ಎಂದರೆ ಮುಂದಿನವರು ಸಡಿಲ ಬಿಡುವರು. ತಡಿ ಎಂದರೆ ಹಿಂದಿನ ನಾಲ್ವರು ತಮ್ಮ ಹಗ್ಗ ಬಿಗಿ ಹಿಡಿದು ಕಲ್ಲು ಹಿಂದೆ ಜಾರದಂತೆ ನೋಡಿಕೊಳ್ಳುವರು. ಆ ಕೊನೆಯ ಎರಡು ಮಾತನ್ನು ಅವನು ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ ಹೇಳುತ್ತಿದ್ದ. ಅಷ್ಟು ಸಾಕಾಗುತ್ತಿತ್ತು.

ಹೀಗೆ ಗೇಣು ಗೇಣಾಗಿ ಕಲ್ಲು ದಿನ್ನೆ ಏರಿತು. ಏರಲಾರದು ಎಂದವರೆಲ್ಲ ಬಾಯಿಯ ಮೇಲೆ ಬೆರಳಿಟ್ಟರು. ನೆತ್ತಿಯಲ್ಲಿ ಜನ ಕೂಗುವವನನ್ನು ಹೆಗಲ ಮೇಲೆ ಎತ್ತಿ ಕುಣಿಸಿದರು. ಒಬ್ಬ ತನ್ನ ರುಮಾಲನ್ನೇ ಬಿಚ್ಚಿ ಅವನ ತಲೆಗೆ ಸುತ್ತಿದ. ಇಂಥ ಕೂಗು ಹಿಂದೆ ಇರಲಿಲ್ಲ, ಮುಂದೆ ಇರುವುದಿಲ್ಲ ಎಂದರು. ಅವನೂ ಹಾಗೆಯೇ ಅಂದುಕೊಂಡ. ಪಾಪ, ಯಾರಾದರೂ ಅಂದುಕೊಳ್ಳುತ್ತಿದ್ದರು.

ಆ ಊರಿನಲ್ಲಿ ಒಂದು ಪದ್ಧತಿ. ಕಲ್ಲು ಬರುವಾಗ ಗಾಣಿಗ ಅದರ ಹತ್ತಿರ ಹೋಗುವಂತಿಲ್ಲ. ಅವನ ಅಂಗಳವಿದ್ದದ್ದು ದಿನ್ನೆಯ ಕೆಳಗೆ. ಆ ಅಂಗಳದ ಬಾಯಲ್ಲಿ ಹೆಂಡತಿ ಮಕ್ಕಳ ಜೊತೆ ಆರತಿ ಹಿಡಿದು ನಿಂತಿರಬೇಕು. ಕಲ್ಲೇ ಅವನ ಹತ್ತಿರ ಬರಬೇಕು. ಗಾಣಿಗ ಹಾಗೆಯೇ ನಿಂತಿದ್ದ. ಹೆಂಡತಿಯ ಕೈಯಲ್ಲಿ ಆರತಿ, ಅವನ ಸೊಂಟದ ಮೇಲೆ ಕೂಸು.

ಕೂಗುವವನು ಕೆಳಗಿಳಿಯುವ ದಾರಿಗೆ ಮುಖ ಮಾಡಿ ನಿಂತ. ತನ್ನ ಕೂಗು ತೆಗೆದ. ಅದೇ ಒಂಬತ್ತು ಮಾತು, ಅದೇ ಸಾಲು. ಬಾ, ನಿಲ್ಲು, ಹಿಡಿ, ಊರು, ಬಗ್ಗು, ಉಸಿರು. ಏಳನೆಯದನ್ನು ಹತ್ತುವಾಗ ಕೂಗಿದ್ದಕ್ಕಿಂತ ಜೋರಾಗಿ ಕೂಗಿದ. ಮುಂದಿನ ಇಪ್ಪತ್ತು ಜನಕ್ಕೆ ಆ ಕೂಗು ಮೈಯಲ್ಲಿ ಇಳಿದುಹೋಗಿತ್ತು. ಅವರು ಎಳೆದುಬಿಟ್ಟರು.

ಆಮೇಲೆ ಯಾರೂ ಎಳೆಯಬೇಕಾಗಲಿಲ್ಲ. ಕಲ್ಲು ತಾನೇ ಹೊರಟಿತು. ಮುಂದಿನವರು ಹಗ್ಗ ಬಿಸಾಕಿ ಎರಡೂ ಕಡೆಗೆ ಹಾರಿಕೊಂಡರು. ಬಿಡು, ತಡಿ ಎಂದು ಅವನು ಮೆಲ್ಲಗೆ ಹೇಳಿದ್ದನ್ನು ದಿಮ್ಮಿಗಳ ಸದ್ದಿನಲ್ಲಿ ಯಾರು ಕೇಳಬೇಕು? ಹಿಂದಿನ ನಾಲ್ವರು ಕೂಗು ಕಾಯದೆ ಹಗ್ಗಕ್ಕೆ ಜೋತುಬಿದ್ದರು. ಹಗ್ಗ ಅವರ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು.

ಕೆಳಗೆ ಗಾಣಿಗ ಕಣ್ಣೆತ್ತಿ ನೋಡಿದ. ಮೂರು ವರ್ಷ ಜಪಿಸಿದ ಕಲ್ಲು ತನ್ನ ಕೂಸಿನ ಮೇಲೆಯೇ ಬರುತ್ತಿತ್ತು. ಹೆಂಡತಿಯ ಕೈಯ ಆರತಿ ಕೆಳಗೆ ಬಿತ್ತು. ಮೂವರೂ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಬಿದ್ದು ಓಡಿದರು.

ಕಲ್ಲು ಅಂಗಳದೊಳಗೆ ನುಗ್ಗಿ ಬಂದು, ತನಗಾಗಿ ತೋಡಿದ್ದ ಕುಣಿಯ ಪಕ್ಕಕ್ಕೇ ನಿಂತಿತು. ಒಂದು ಚಕ್ಕೆಯೂ ಎದ್ದಿರಲಿಲ್ಲ.

ಕೂಗುವವನು ಏದುಸಿರು ಬಿಡುತ್ತ ಇಳಿದು ಬಂದ. "ನೋಡ್ರಪಾ, ಮುಟ್ಟೈತಿ. ಎಲ್ಲಿ ಮುಟ್ಟಬೇಕಿತ್ತೋ ಅಲ್ಲೇ ಮುಟ್ಟೈತಿ. ನಾನು ಒಂದು ಕೂಗಾದರೂ ತಪ್ಪಿದ್ದರ ಹೇಳ್ರಿ," ಎಂದ.

ಹಿಂದಿನ ಹಗ್ಗದ ನಾಲ್ವರಲ್ಲಿ ಒಬ್ಬ ಮುದುಕನಿದ್ದ. ಅವನು ತನ್ನ ಅಂಗೈಗಳನ್ನು ಎತ್ತಿ ತೋರಿಸಿದ. "ಒಂದೂ ತಪ್ಪಲಿಲ್ಲ ತಮ್ಮಾ. ಒಂಬತ್ತೂ ಇದ್ದವು, ಸಾಲೂ ಸರಿ ಇತ್ತು. ಇಳಿಯೂವಾಗ ಎಳೆ ಅನ್ನೂದನ್ನ ಮೆಲ್ಲಗ ಅಂದು, ತಡಿ ಅನ್ನೂದನ್ನ ಜೋರಾಗಿ ಅನ್ನಬೇಕಿತ್ತು. ಅಷ್ಟ."

ಕತ್ತಲಾಗುವ ಹೊತ್ತಿಗೆ ಹಿರಿಯರು ಹೊಲಕ್ಕೆ ಹೋಗಿ ಗಾಣಿಗನನ್ನು ಕರೆದರು. ಕಲ್ಲು ಬಂದಿದೆ, ಚೆನ್ನಾಗಿದೆ, ಬಂದು ನೋಡು ಎಂದರು. ಅವನು ಕೂಸನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. ಆ ಕಲ್ಲು ನನಗೆ ಬೇಡ ಎಂದ. ಆಮೇಲೆ ಎಷ್ಟೋ ದಿನ ಕಲ್ಲು ಅವನ ಅಂಗಳದಲ್ಲೇ ಇತ್ತು, ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಗಾಣಿಗ ಮಾತ್ರ ಕುಸುಬೆಯ ಚೀಲ ಹೊತ್ತು, ಬಗ್ಗಿದ ಬೆನ್ನಿನಲ್ಲಿ, ಪಕ್ಕದ ಊರಿಗೆ ನಡೆಯುತ್ತಲೇ ಇದ್ದ.

ಅಜ್ಜನವರು ಕತೆ ನಿಲ್ಲಿಸಿ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದರು.

ನೀಲಗಂಗಾಳಿಗೆ ಗಾಣಿಗನ ಮೇಲೆ ಕನಿಕರ ಬಂದಿತ್ತು. ಕೂಗುವವನ ಮೇಲೆ ಸಿಟ್ಟು ಬಂದಿತ್ತು. ಎಂಥ ದಡ್ಡ, ಕಣ್ಣೆದುರಿನ ದಾರಿಯನ್ನು ನೋಡಬಾರದೇ ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆ ಆ ಬೈಗುಳ ತನಗೇ ತಗುಲಿದಂತಾಯಿತು. ಆದರೂ ಅಷ್ಟು ಬೇಗ ಸೋಲುವ ಹುಡುಗಿ ಅವಳಲ್ಲ. ಸೋತಿದ್ದರೆ ಆ ಪದ ಅವಳ ನಾಲಿಗೆಯ ಮೇಲೆ ಬರುತ್ತಲೇ ಇರಲಿಲ್ಲ.

"ಹಂಗಂದರ ನಾನು ಕರೆಂಟು ಅನ್ನೂದನ್ನ ಮುಚ್ಚಿಟ್ಟು ಸುಳ್ಳು ಹೇಳಬೇಕಿತ್ತೇನ್ರೀ?" ಎಂದಳು.

"ಆ ಮುದುಕ ಒಂಬತ್ತು ಮಾತಿನಾಗ ಒಂದನ್ನಾದರೂ ಬಿಡು ಅಂದನೇನು?"

ನೀಲಗಂಗಾ ಇನ್ನೊಂದು ಕಡ್ಡಿಯ ಎಲೆ ಬಿಡಿಸಿದಳು. ಮುಂದಿನ ಮಾತು ಮೊದಲಿನಷ್ಟು ಗಟ್ಟಿಯಾಗಿ ಬರಲಿಲ್ಲ. "ಪರೀಕ್ಷೆಯಾಗ ಸಾಹೇಬರ ಮುಂದ ಹೆಂಗ ಹೇಳಿದ್ದೆನೋ ಹಂಗ ಹೇಳಿದೆ ಅಜ್ಜಾರ. ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ. ಅವರು ಎದ್ದು ನಿಂತು ಶಭಾಷ್ ಅಂದಿದ್ದರು."

ಅಜ್ಜನವರು ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದರು.

"ಆ ತಾಯಿ ನಿಂತಿದ್ದು ಇಳಿಜಾರಿನ ಕೆಳಗ, ತಂಗಿ."

ನೀಲಗಂಗಾ ಮಡಿಲಿನ ಚೀಟಿ ತೆಗೆದು, ಬಿಡಿಸಿ, ಅದರಲ್ಲಿದ್ದ ಹುಲಿಗೆವ್ವನ ಊರಿನ ಹೆಸರನ್ನು ಓದಿಕೊಂಡಳು.